ನಮ್ಮ ವಾಕಿಂಗ್ ದಾರಿಯ ಕೆಳಗಿನ ಚರಂಡಿ

ಲಂಡನ್ನಿನ ಹ್ಯಾಕ್ನಿಗೆ ಮನೆ ಬದಲಾಯಿಸಿದ ಮೇಲೆ ನಮಗಾದ ದೊಡ್ಡ ಲಾಭ ಗ್ರೀನ್‌ವೇ. ಬೆಕ್ಟನ್ ಕಡೆಗೆ ಹೋಗುವ ಸುಮಾರು 7 ಕಿಲೋಮೀಟರ್ ಉದ್ದದ ಕಾಲುದಾರಿ. ಕಾರುಗಳ ಕಾಟ ಇಲ್ಲ, ಅಕ್ಕಪಕ್ಕದ ಬೀದಿಗಳಿಗಿಂತ ಎತ್ತರದಲ್ಲಿದೆ. ಮಗಳು ಸೈಕಲ್ ಕಲಿತದ್ದು ಅಲ್ಲೇ. ಬಿಸಿಲು ಜೋರಾದ ದಿನ ಮಾತ್ರ ಒಂಥರಾ ವಾಸನೆ ಬರುತ್ತಿತ್ತು. ಹತ್ತಿರದ ಕಾಲುವೆಯದ್ದಿರಬೇಕು ಅಂದುಕೊಂಡಿದ್ದೆವು. ಪಾಪ, ಕಾಲುವೆಯ ತಪ್ಪೇನೂ ಇರಲಿಲ್ಲ. ಭಾನುವಾರ ಭಾನುವಾರ ನಾವು ನಡೆಯುತ್ತಿದ್ದದ್ದೇ ಚರಂಡಿಯ ಬೆನ್ನ ಮೇಲೆ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತ್ತೆಂದರೆ, ದಡದಲ್ಲಿದ್ದ ಪಾರ್ಲಿಮೆಂಟಿನ ಸದಸ್ಯರಿಗೆ ಒಳಗೆ ಕೂರಲು ಆಗಲಿಲ್ಲ. ಆಮೇಲೆ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಇಡೀ ಊರಿನ ಅಡಿಯಲ್ಲಿ ಇಟ್ಟಿಗೆಯ ಚರಂಡಿ ಕಟ್ಟಿಸಿದರು. ಕಾಲರಾ ಬರುವುದು ಕೆಟ್ಟ ವಾಸನೆಯಿಂದ ಅಂತ ಆಗ ಜಾಸ್ತಿ ಜನ ನಂಬಿದ್ದರು. ವಾಸನೆಯನ್ನು ಊರಾಚೆ ಸಾಗಿಸಿದರೆ ರೋಗವೂ ತೊಲಗುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಾಗಿತ್ತು, ಆದರೆ ಕೆಲಸ ಸರಿಯಾಯಿತು. ಕುಡಿಯುವ ನೀರಿಗೆ ಕೊಳಚೆ ಸೇರುವುದು ನಿಂತಿತು, ಕಾಲರಾವೂ ಹೋಯಿತು. ಅವರು ಕಟ್ಟಿಸಿದ ದೊಡ್ಡ ಚರಂಡಿ ಇವತ್ತಿಗೂ ಗ್ರೀನ್‌ವೇ ಅಡಿಯಲ್ಲಿ ಹರಿದು ಬೆಕ್ಟನ್ ಶುದ್ಧೀಕರಣ ಘಟಕ ಸೇರುತ್ತದೆ. ಆ ಘಟಕಕ್ಕೆ ಸುಮಾರು 40 ಲಕ್ಷ ಜನರ ಕೊಳಚೆ ಬರುತ್ತದೆ. ನಮ್ಮ ಮನೆಯದೂ.

2022ರ ಜೂನ್‌ನಲ್ಲಿ ಈ ಬೆಕ್ಟನ್ ಹೆಸರು ಸುದ್ದಿಯಲ್ಲಿ ಬಂತು. ಅಲ್ಲಿನ ಕೊಳಚೆಯಲ್ಲಿ ಪೋಲಿಯೊ ವೈರಸ್ ಸಿಕ್ಕಿದೆಯಂತೆ. ನಾನು ಎರಡು ಸಲ ಓದಿದೆ. ಬ್ರಿಟನ್ನಿನೊಳಗೆ ಪೋಲಿಯೊ ತಗುಲಿದ ಕೊನೆಯ ಪ್ರಕರಣ 1984ರದ್ದು. ಅಮ್ಮನಿಗೆ ಫೋನ್ ಮಾಡಿದೆ.

"ಯಾರಿಗೆ ಬಂದಿದೆಯಂತೆ?"

"ಯಾರಿಗೂ ಬಂದಿಲ್ಲ ಅಮ್ಮ. ಚರಂಡೀಲಿ ಸಿಕ್ಕಿದೆ."

"ಚರಂಡೀಲಿ ರೋಗ ಸಿಗದೆ ಇನ್ನೇನು ಸಿಗುತ್ತೆ? ಅದಕ್ಕೆ ನೀನ್ಯಾಕೆ ಇಷ್ಟು ಗಾಬರಿಯಾಗ್ತೀಯ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಅಮ್ಮನಿಗೆ ಹೇಳಬೇಕಿದ್ದದ್ದು ಇದು.

ಪೋಲಿಯೊ ವೈರಸ್ ಬೆಳೆಯುವುದು ಕರುಳಿನಲ್ಲಿ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಜ್ವರವೂ ಇಲ್ಲ. ಆದರೆ ವಾರಗಟ್ಟಲೆ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ನೂರಾರು ಜನರಿಗೆ ತಗುಲಿದರೆ ಎಲ್ಲೋ ಒಬ್ಬರ ಕಾಲು ಸ್ವಾಧೀನ ತಪ್ಪುತ್ತದೆ. ಅಂದರೆ ಆ ಒಬ್ಬರು ಆಸ್ಪತ್ರೆಗೆ ಬರಲಿ ಅಂತ ಕಾಯುತ್ತಾ ಕೂತರೆ ಕಾಲ ಮೀರಿರುತ್ತದೆ. ಆಸ್ಪತ್ರೆಗೆ ಹೋಗದವರೂ ಟಾಯ್ಲೆಟ್ಟಿಗಂತೂ ಹೋಗಲೇಬೇಕಲ್ವಾ?

ಈ ಯೋಚನೆ ಹಳೆಯದು. 1939ರಲ್ಲೇ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಪೋಲಿಯೊ ಹರಡಿದಾಗ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ ಅಲ್ಲಿನ ಕೊಳಚೆಯಲ್ಲಿ ವೈರಸ್ ಹುಡುಕಿ ತೋರಿಸಿದ್ದರು. ಆಗಿನ ಪರೀಕ್ಷೆ ಅಂದರೆ ಕೊಳಚೆಯನ್ನು ಕೋತಿಗಳಿಗೆ ಚುಚ್ಚಿ ನೋಡುವುದು. ಭಾರತದಲ್ಲೂ 2001ರಿಂದ ಮುಂಬೈ ಕೊಳಚೆಯಲ್ಲಿ ಪೋಲಿಯೊ ಹುಡುಕುತ್ತಿದ್ದಾರೆ. ಇದು ನನಗೆ ಲಂಡನ್ನಿಗೆ ಬಂದ ಮೇಲೆ ಗೊತ್ತಾಯಿತು!

ಹಾಗಾದರೆ ಬೆಕ್ಟನ್‌ನಲ್ಲಿ ಸಿಕ್ಕಿದ್ದೇನು? ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ, ಶಕ್ತಿ ಕುಂದಿಸಿದ್ದು. ಬ್ರಿಟನ್ 2004ರಲ್ಲೇ ಹನಿ ಬಿಟ್ಟು ಪೂರ್ತಿ ಚುಚ್ಚುಮದ್ದಿಗೆ ಬದಲಾಯಿಸಿಕೊಂಡಿತು. ಬೇರೆ ದೇಶದಲ್ಲಿ ಹನಿ ಹಾಕಿಸಿಕೊಂಡ ಮಗು ಇಲ್ಲಿಗೆ ಬಂದರೆ ಕೆಲವು ವಾರ ಆ ಲಸಿಕೆಯ ವೈರಸ್ ಮಲದಲ್ಲಿ ಹೋಗುತ್ತದೆ. ಹಾಗಾಗಿ ಇಲ್ಲಿನ ಕೊಳಚೆಯಲ್ಲಿ ಅದು ವರ್ಷಕ್ಕೆ ಒಂದರಿಂದ ಮೂರು ಸಲ ಸಿಗುವುದು ಮಾಮೂಲು. ಒಮ್ಮೆ ಕಾಣಿಸುತ್ತದೆ, ಮಾಯವಾಗುತ್ತದೆ. 2022ರಲ್ಲಿ ಮಾಯವಾಗಲಿಲ್ಲ. ಫೆಬ್ರವರಿಯಿಂದ ಮತ್ತೆ ಮತ್ತೆ ಸಿಕ್ಕಿತು. ಸಿಕ್ಕಿದ್ದೆಲ್ಲ ಒಂದಕ್ಕೊಂದು ನಂಟಿದ್ದ ವೈರಸ್‌ಗಳು.

ನಂಟು ಹೇಗೆ ಗೊತ್ತಾಗುತ್ತದೆ? ನನಗೆ ಇಷ್ಟವಾದ ಭಾಗ ಇದು. ಕಾಲೇಜಿನಲ್ಲಿ ಒಬ್ಬಳ ನೋಟ್ಸನ್ನು ಇನ್ನೊಬ್ಬಳು ಬರೆದುಕೊಂಡು, ಅದನ್ನು ಮತ್ತೊಬ್ಬಳು ಬರೆದುಕೊಳ್ಳುತ್ತಿದ್ದದ್ದು ನೆನಪಿದೆಯಾ? ಪ್ರತಿ ಸಲ ಒಂದೆರಡು ಕಾಗುಣಿತ ತಪ್ಪು ಸೇರಿಕೊಳ್ಳುತ್ತಿತ್ತು. ತಪ್ಪುಗಳನ್ನು ನೋಡಿಯೇ ಯಾರು ಯಾರದನ್ನು ಕಾಪಿ ಹೊಡೆದರು ಅಂತ ಹೇಳಬಹುದಿತ್ತು. ವೈರಸ್ಸೂ ಹಾಗೆಯೇ. ಒಂದು ದೇಹದಿಂದ ಇನ್ನೊಂದಕ್ಕೆ ದಾಟುತ್ತಾ ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪು ಮಾಡುತ್ತದೆ. ಅದರ ಹೊರಕವಚದ ಒಂದು ಭಾಗಕ್ಕೆ ವಿಪಿ1 ಎಂದು ಹೆಸರು. ಅದರ ಜೀನ್‌ನಲ್ಲಿ ಸುಮಾರು 900 ಅಕ್ಷರ. ಬೆಕ್ಟನ್‌ನಲ್ಲಿ ಸಿಕ್ಕ ಟೈಪ್ 2 ಎಂಬ ಬಗೆಯ ಪೋಲಿಯೊದಲ್ಲಿ ಅವುಗಳ ಪೈಕಿ ಆರು ಬದಲಾಗಿದ್ದರೆ ಅದನ್ನು ಬರೀ ಲಸಿಕೆ ವೈರಸ್ ಅನ್ನುವುದಿಲ್ಲ. ಜನರ ನಡುವೆ ಓಡಾಡಿಕೊಂಡು ಮತ್ತೆ ಕಾಲಿನ ಶಕ್ತಿ ಕಸಿಯುವ ಮಟ್ಟಕ್ಕೆ ತಿರುಗುತ್ತಿರಬಹುದು ಎಂದು ಲೆಕ್ಕ. ಲಂಡನ್ನಿನಲ್ಲಿ ಫೆಬ್ರವರಿಯಿಂದ ಜುಲೈವರೆಗೆ 19 ಸ್ಯಾಂಪಲ್‌ಗಳಲ್ಲಿ 116 ಪೋಲಿಯೊ ವೈರಸ್ ಸಿಕ್ಕವು. ಹೆಚ್ಚಿನವು ಇನ್ನೂ ಲಸಿಕೆಯ ಹಾಗೇ ಇದ್ದವು. ಕೆಲವು ಗೆರೆ ದಾಟಿದ್ದವು.

ಮುಂದೆ ಕೊಳವೆಗಳ ಜಾಡು ಹಿಡಿದು ಮೇಲಕ್ಕೆ ಹೋದರು. ಬೆಕ್ಟನ್‌ಗೆ ಬರುವ ಕವಲುಗಳಲ್ಲಿ ಬೇರೆ ಬೇರೆಯಾಗಿ ನೀರು ತೆಗೆದು ನೋಡಿದರು. 40 ಲಕ್ಷ ಜನರ ಲೆಕ್ಕ ಎಂಟು ಬರೋಗಳಿಗೆ, ಅಂದರೆ ಲಂಡನ್ನಿನ ಎಂಟು ಆಡಳಿತ ವಿಭಾಗಗಳಿಗೆ, ಇಳಿಯಿತು. ಪಟ್ಟಿಯಲ್ಲಿ ಹ್ಯಾಕ್ನಿ ಇತ್ತು. ಸುದ್ದಿ ಓದುವುದು ಬೇರೆ, ಪಟ್ಟಿಯಲ್ಲಿ ನಮ್ಮ ಏರಿಯಾ ಹೆಸರು ಓದುವುದು ಬೇರೆ. ಪಾರ್ಕಿನಲ್ಲಿ ಮಕ್ಕಳು ಜಾರುಬಂಡಿ ಹತ್ತುವುದನ್ನು ನೋಡುತ್ತಾ, ಇವರಲ್ಲಿ ಯಾರು ಅಂತ ಯೋಚಿಸಿದ್ದೂ ಉಂಟು. ಆಮೇಲೆ ನಾಚಿಕೆಯಾಯಿತು. ಯಾರದೋ ಯಾಕೆ, ನನ್ನದೇ ಇರಬಹುದಿತ್ತಲ್ಲ.

ಆಗಸ್ಟ್ 10ರಂದು ಪ್ರಕಟಣೆ ಬಂತು: ಲಂಡನ್ನಿನ 1ರಿಂದ 9 ವರ್ಷದ ಎಲ್ಲ ಮಕ್ಕಳಿಗೂ ಪೋಲಿಯೊ ಬೂಸ್ಟರ್. ಕೆಲವು ದಿನ ಬಿಟ್ಟು ನಮ್ಮ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನಿಂದ ಮೆಸೇಜ್. ಇಲ್ಲಿ ಪ್ರತಿ ಮಗುವಿಗೂ ಕೆಂಪು ರಟ್ಟಿನ ಆರೋಗ್ಯ ಪುಸ್ತಕ ಕೊಡುತ್ತಾರೆ, ಎಲ್ಲರೂ ರೆಡ್ ಬುಕ್ ಅನ್ನುತ್ತಾರೆ. ಅದನ್ನು ಹಿಡಿದುಕೊಂಡು ಹೋಗಿ ನರ್ಸ್ ಮುಂದೆ ಬಿಚ್ಚಿಟ್ಟೆ. "ಇವಳಿಗೆ ಎಲ್ಲ ಆಗಿದೆ, ನೋಡಿ." ಆಕೆ ಪುಟ ತಿರುವಿ, ಹೌದು ಎಂದು ತಲೆಯಾಡಿಸಿ, ಆದರೂ ಸಿರಿಂಜ್ ತೆಗೆದರು. ಚುಚ್ಚುಮದ್ದು ಕಾಲನ್ನು ಚೆನ್ನಾಗಿ ಕಾಯುತ್ತದೆ, ಕರುಳಿನಲ್ಲಿ ವೈರಸ್ ಬೆಳೆಯುವುದನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ, ವೈರಸ್ ಓಡಾಡುತ್ತಿರುವ ಹೊತ್ತಿನಲ್ಲಿ ಇನ್ನೊಂದು ಡೋಸ್ ಇದ್ದರೆ ಒಳ್ಳೆಯದು ಅಂತ ವಿವರಿಸಿದರು. ಮಗಳು ತೋಳು ಕೊಟ್ಟು ಕೂತು ಕೇಳಿದಳು, "ನನ್ನ ಕಕ್ಕಾನೂ ಟೆಸ್ಟ್ ಮಾಡ್ತಾರಾ?" ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನರ್ಸ್ ಜೋರಾಗಿ ನಕ್ಕರು. ಮಾಡ್ತಾರೆ, ಆದರೆ ಅದು ನಿನ್ನದು ಅಂತ ಯಾರಿಗೂ ಗೊತ್ತಾಗಲ್ಲ, ಅಂದರು.

ಅದೇ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲೆಂಡ್ ಕೌಂಟಿಯಲ್ಲಿ ಲಸಿಕೆ ಹಾಕಿಸಿಕೊಳ್ಳದ ಒಬ್ಬ ಯುವಕನ ಕಾಲುಗಳು ಸ್ವಾಧೀನ ತಪ್ಪಿದ್ದವು. ಅವನ ವೈರಸ್‌ಗೂ ಲಂಡನ್ ಮತ್ತು ಜೆರುಸಲೇಮ್ ಕೊಳಚೆಯಲ್ಲಿ ಸಿಕ್ಕಿದ್ದಕ್ಕೂ ನಂಟಿತ್ತು. ಲಂಡನ್ನಿನಲ್ಲಿ ಯಾರಿಗೂ ಹಾಗಾಗಲಿಲ್ಲ.

ಆದರೆ ಕೊಳಚೆ ಹೇಳಿದ್ದೆಲ್ಲ ನೇರವಾಗಿ ಅರ್ಥವಾಗುವುದಿಲ್ಲ. ಜೋರು ಮಳೆ ಬಂದರೆ ನೀರು ತೆಳುವಾಗುತ್ತದೆ, ವೈರಸ್ ಕಡಿಮೆಯಾದ ಹಾಗೆ ಕಾಣುತ್ತದೆ. ಇದನ್ನು ಸರಿದೂಗಿಸಲು ಹಲವು ಕಡೆ ಒಂದು ಉಪಾಯ ಮಾಡುತ್ತಾರೆ. ಮೆಣಸಿನ ಗಿಡಕ್ಕೆ ಬರುವ ಒಂದು ವೈರಸ್ ಇದೆ. ಮೆಣಸಿನಕಾಯಿ ತಿಂದವರ ಹೊಟ್ಟೆಯಿಂದ ಅದು ಹಾಗೇ ಹೊರಗೆ ಹೋಗುತ್ತದೆ. ನೀರಿನಲ್ಲಿ ಅದು ಎಷ್ಟಿದೆ ಅಂತ ನೋಡಿ, ಮಲ ಎಷ್ಟಿದೆ ಎಂದು ಅಂದಾಜು ಹಾಕುತ್ತಾರೆ. ಖಾರ ತಿನ್ನುವುದರಿಂದ ವಿಜ್ಞಾನಕ್ಕೂ ಉಪಕಾರ!

ಇನ್ನೊಂದು ತೊಡಕು ದೊಡ್ಡದು. ಒಬ್ಬ ರೋಗಿ ಎಷ್ಟು ದಿನ ವೈರಸ್ ಬಿಡುತ್ತಾನೆ? ಇದಕ್ಕೆ ಜನರನ್ನೇ ಹಿಡಿದು ನೋಡಬೇಕು. ಕೊಳಚೆಯಲ್ಲಿ ಕೋವಿಡ್ ವೈರಸ್ಸನ್ನೂ ಹುಡುಕುತ್ತಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಾಧಾರಣ ಕೋವಿಡ್ ಬಂದಿದ್ದ 113 ಜನರ ಮಲವನ್ನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದರು. ಮೊದಲ ವಾರ ಸುಮಾರು ಅರ್ಧದಷ್ಟು ಜನರಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಜೀನ್‌ಗಳಿರುವ ವಸ್ತು, ಸಿಕ್ಕಿತು. ನಾಲ್ಕು ತಿಂಗಳಾದ ಮೇಲೂ ಶೇಕಡಾ 12.7 ಜನರಲ್ಲಿ ಇತ್ತು. ಅಂದರೆ ಅರ್ಧ ಜನ ಕೊಳಚೆಗೆ ಸುಳಿವೇ ಕೊಡುವುದಿಲ್ಲ, ಇನ್ನು ಕೆಲವರು ಗುಣವಾದ ಮೇಲೂ ಕೊಡುತ್ತಲೇ ಇರುತ್ತಾರೆ.

ಹೀಗೆ ಜನರನ್ನೇ ಪರೀಕ್ಷಿಸುವ ಒಂದು ಅಧ್ಯಯನದಲ್ಲಿ ನಮ್ಮ ಮನೆಯೂ ಇತ್ತು. ಇಲ್ಲಿನ ಅಂಕಿಅಂಶ ಕಚೇರಿ 2020ರಿಂದ 2023ರ ಮಾರ್ಚ್‌ವರೆಗೆ ಕೋವಿಡ್ ಸರ್ವೆ ನಡೆಸಿತು. ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸಿ ಪತ್ರ ಹಾಕುತ್ತಿದ್ದರು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸ್ವ್ಯಾಬ್. ಬಾಗಿಲ ಹೊರಗೆ ಎರಡು ಮೀಟರ್ ದೂರ ನಿಂತವರು ಪ್ರಶ್ನೆ ಕೇಳುತ್ತಾ ಹೋಗುವುದು, ಒಳಗೆ ನಾವು ಮೂಗಿಗೆ ಕಡ್ಡಿ ತೂರಿಸಿ ಕಣ್ಣಲ್ಲಿ ನೀರು ತುಂಬಿಕೊಂಡು ಉತ್ತರ ಕೊಡುವುದು. ಮೊದಲ ಸಲ 50 ಪೌಂಡ್ ವೋಚರ್, ಆಮೇಲೆ 25. ಹುಷಾರಿದ್ದವರನ್ನೂ ಪರೀಕ್ಷಿಸಿದ್ದರಿಂದಲೇ 2022ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ 13 ಜನರಲ್ಲಿ ಒಬ್ಬರಿಗೆ ಕೋವಿಡ್ ಇದೆ ಎಂದು ಹೇಳಲು ಆಯಿತು. ತಮಾಷೆ ನೋಡಿ, ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕೋವಿಡ್‌ಗಾಗಿ ಕೊಳಚೆ ನೋಡುವುದನ್ನು ನಿಲ್ಲಿಸಿದರು. ಅವಸರವಾಯಿತು ಅಂತಲೇ ನನ್ನ ಅಭಿಪ್ರಾಯ.

ಕೊಳಚೆ ನೋಡುವುದು, ಜನರನ್ನು ನೋಡುವುದು, ಈ ಎರಡೂ ದಾರಿ ಸೇರಿದರೂ ಕೆಲವೊಮ್ಮೆ ಕೈಗೆ ಸಿಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೊಳಚೆಯಲ್ಲಿ ವಿಚಿತ್ರವಾಗಿ ಬದಲಾದ ಒಂದು ಕೋವಿಡ್ ವೈರಸ್ ಸಿಕ್ಕಿತು. ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಹುಡುಕುತ್ತಾ ಸುಮಾರು 30 ಜನ ಕೆಲಸ ಮಾಡುವ ಒಂದೇ ಜಾಗಕ್ಕೆ ಬಂದು ನಿಂತರು. ಪರೀಕ್ಷೆಗೆ ಒಪ್ಪಿದವರ ಮೂಗಿನಲ್ಲಿ ಏನೂ ಸಿಗಲಿಲ್ಲ. ಯಾರದೋ ಕರುಳಿನಲ್ಲಿ ತಿಂಗಳುಗಟ್ಟಲೆ ಅದು ಕೂತಿದ್ದಿರಬೇಕು. ಆ ಯಾರೋ ಒಬ್ಬರು ಕೆಲಸಕ್ಕೂ ಹೋಗುತ್ತಿದ್ದಿರಬೇಕು.

2024ರ ಕೊನೆಗೆ ಸ್ಪೇನ್, ಪೋಲೆಂಡ್, ಜರ್ಮನಿ, ಫಿನ್ಲೆಂಡ್ ಜೊತೆಗೆ ಬ್ರಿಟನ್ನಿನ ಕೊಳಚೆಯಲ್ಲೂ ಮತ್ತೆ ಟೈಪ್ 2 ಪೋಲಿಯೊ ಕಾಣಿಸಿತು. ರೆಡ್ ಬುಕ್ ತೆಗೆದು ನೋಡಿದೆ. 2022ರ ಆ ಸಾಲು ನರ್ಸ್ ಕೈಬರಹದಲ್ಲಿ ಹಾಗೇ ಇತ್ತು. ಆ ಭಾನುವಾರ ಗ್ರೀನ್‌ವೇಯಲ್ಲಿ ನಡೆಯುತ್ತಿದ್ದಾಗ ಅಮ್ಮನ ವಿಡಿಯೊ ಕಾಲ್ ಬಂತು. ಎಲ್ಲಿದ್ದೀಯ ಅಂದರು. ಫೋನ್ ತಿರುಗಿಸಿ ದಾರಿ ತೋರಿಸಿದೆ.

"ಓ, ಚರಂಡಿ ಮೇಲಾ? ಏನಂತೆ ಈಗ?"