ಮಡಿಕೇರಿನಾ, ಮೈಸೂರಾ? ಹೆರಿಗೆ ಎಲ್ಲಿ ಅಂತ ಕೇಳುವವರಿಗೆ

"ಅಕ್ಕಾ, ಹೆರಿಗೆ ಇಲ್ಲೇ ಮಾಡಿಸಿಕೊಳ್ಳಲಾ, ಮೈಸೂರಿಗೆ ಹೋಗಲಾ?"

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಕೇಳುವವರಿಗೆ ಎರಡೋ ಮೂರೋ ತಿಂಗಳು ಆಗಿರುತ್ತದೆ. ಅತ್ತೆ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಆದರೆ ನನಗೆ ಮೆಸೇಜ್ ಬಂದಿರುತ್ತದೆ. ನಾನು ಡಾಕ್ಟರ್ ಅಲ್ಲ. ಮಗಳನ್ನು ಮೈಸೂರಿನಲ್ಲಿ, ಮಗನನ್ನು ಕೊಡಗಿನಲ್ಲೇ ಹೆತ್ತವಳು, ಎಲ್ಲವನ್ನೂ ಮೊದಲೇ ವಿಚಾರಿಸದೆ ಹೋದರೆ ನಿದ್ದೆ ಬಾರದವಳು, ಅಷ್ಟೇ.

ನಾನು ವಾಪಸ್ ಕೇಳುವುದು ಒಂದೇ. ಡೇಟ್ ಯಾವ ತಿಂಗಳು?

ಕೇಳಿದವರಿಗೆ ಸ್ವಲ್ಪ ಬೇಜಾರಾಗುತ್ತದೆ. ಯಾವ ಡಾಕ್ಟರ್ ಒಳ್ಳೆಯವರು ಅಂತ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ ಆರಿಸುವುದು ಅಂದರೆ ಅರ್ಧ ಭಾಗ ರಸ್ತೆ ಆರಿಸುವುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ಸ್ವಲ್ಪ ಹೆಚ್ಚು, ಅದೂ ಸಂಪಾಜೆ ಘಾಟಿ ಇಳಿದು. ವಿರಾಜಪೇಟೆಯವರಿಗೆ ಮಾಕುಟ್ಟ ಇಳಿದು ಕಣ್ಣೂರು ಅನ್ನುವ ಇನ್ನೊಂದು ದಾರಿ ಇದೆ. ಗೋಣಿಕೊಪ್ಪದವರು ತಿತಿಮತಿ, ಆನೆಚೌಕೂರು ಕಾಡು ದಾಟಿ ಹುಣಸೂರಿಗೆ ಹೋಗುತ್ತಾರೆ, ರಾತ್ರಿ ಹೊತ್ತು ಅಲ್ಲಿ ಆನೆ ಅಡ್ಡ ನಿಂತರೆ ಅದು ಹೋಗುವವರೆಗೆ ಕಾಯುವುದೇ ಕೆಲಸ. ಜನವರಿಯಲ್ಲಿ ಇವೆಲ್ಲ ಒಳ್ಳೆಯ ರಸ್ತೆಗಳೇ. ಜುಲೈ, ಆಗಸ್ಟ್‌ನಲ್ಲಿ ಯಾವುದನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ವಾರಗಟ್ಟಲೆ ಬಂದ್ ಆಗಿದ್ದು ಯಾರಿಗೆ ಮರೆತಿದೆ? ಆಗ ದಿನ ತುಂಬಿದ್ದವರ ಪಾಡು ನೆನೆಸಿಕೊಳ್ಳಿ.

ಲೆಕ್ಕ ಹೀಗೆ. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಅಕ್ಟೋಬರ್ 10 ಆಗಿದ್ದರೆ ಜುಲೈ 17, ಸರಿಯಾಗಿ ಕಕ್ಕಡ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳು, ಶುರುವಾಗುವ ಹೊತ್ತು. ಆ ದಿನವೇ ಹೆರುವವರು ತೀರಾ ಕಡಿಮೆ. 37ನೇ ವಾರದಿಂದ 41ರವರೆಗೆ ಯಾವಾಗ ಬೇಕಾದರೂ ಆಗಬಹುದು, ಅಂದರೆ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ. ತಮಾಷೆ ಏನು ಗೊತ್ತಾ, ಗರ್ಭಿಣಿ ಅಂತ ಗೊತ್ತಾಗುವುದು ನವೆಂಬರ್‌ನಲ್ಲಿ. ಆಗ ಆಕಾಶ ತಿಳಿಯಾಗಿರುತ್ತದೆ, ಕಾಫಿ ಕೆಂಪಾಗುತ್ತಿರುತ್ತದೆ, ಮನೆಯವರೆಲ್ಲ ಪುತ್ತರಿ ಸುಗ್ಗಿ ಹಬ್ಬದ ಸಂಭ್ರಮದಲ್ಲಿರುತ್ತಾರೆ. ಮಳೆಗಾಲದ ಮಾತು ತೆಗೆದರೆ "ಈಗಲೇ ಯಾಕೆ ಅದೆಲ್ಲ, ಇನ್ನೂ ಎಂಟು ತಿಂಗಳಿದೆ" ಅನ್ನುತ್ತಾರೆ. ಈಗಲೇ ಕೇಳಬೇಕು. ಏಳನೇ ತಿಂಗಳಲ್ಲಿ ಕೇಳಲು ಹೋದರೆ ಹೊಟ್ಟೆ ಹೊತ್ತುಕೊಂಡು ಆಸ್ಪತ್ರೆ ಆಸ್ಪತ್ರೆ ಅಲೆಯುವ ಶಕ್ತಿಯೂ ಇರುವುದಿಲ್ಲ, ಡಾಕ್ಟರ್ ಬದಲಾಯಿಸುವ ಧೈರ್ಯವೂ ಇರುವುದಿಲ್ಲ.

ಇಲ್ಲಿ ಒಂದು ಮಾತು. ಮೊದಲ ಮೂರು ತಿಂಗಳಲ್ಲಿ ಅಂತಿಮ ನಿರ್ಧಾರ ಮಾಡಲೇಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮದು ಯಾವ ತರಹದ ಬಸುರಿ ಅನ್ನುವುದು ಆಗ ಪೂರ್ತಿ ಗೊತ್ತಾಗುವುದೂ ಇಲ್ಲ. 11ರಿಂದ 13 ವಾರದ ಸ್ಕ್ಯಾನ್‌ನಲ್ಲಿ ಒಂದಾ ಎರಡಾ ಅಂತ ಗೊತ್ತಾಗುತ್ತದೆ, ದಿನದ ಲೆಕ್ಕ ಪಕ್ಕಾ ಆಗುತ್ತದೆ. 18-20 ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಅಂಗಾಂಗ ನೋಡುತ್ತಾರೆ, ಮಾಸು ಎಲ್ಲಿ ಕೂತಿದೆ ಅಂತ ನೋಡುತ್ತಾರೆ. ಮಾಸು ಕೆಳಗಿದೆ ಅಂದ ತಕ್ಷಣ ಗಾಬರಿ ಬೇಡ, ಗರ್ಭಕೋಶ ಬೆಳೆದ ಹಾಗೆ ಎಷ್ಟೋ ಜನರಿಗೆ ಮೇಲೆ ಹೋಗುತ್ತದೆ, ಮತ್ತೆ ನೋಡಿಸಬೇಕು. ಬಿಪಿ, ಶುಗರ್ ಎಲ್ಲ ಆಮೇಲೂ ತಲೆ ಎತ್ತಬಹುದು. ರಕ್ತದ ಗುಂಪು ಮಾತ್ರ ಮೊದಲ ಪರೀಕ್ಷೆಯಲ್ಲೇ ಸಿಗುತ್ತದೆ. ನಿಮ್ಮದು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಮಗುವಿನ ರಕ್ತದ ವಿರುದ್ಧ ನಿಮ್ಮ ದೇಹ ತಿರುಗಿಬೀಳದ ಹಾಗೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ವಿಷಯ ಅವತ್ತೇ ಕೇಳಿ. ಸಾಮಾನ್ಯವಾಗಿ 28 ವಾರಕ್ಕೆ ಒಂದು, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ನೆಗೆಟಿವ್ ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ ಅಂತಲೂ ಆಗಲೇ ಕೇಳಿಡಿ.

ಆದ್ದರಿಂದ ನಾನು ಎರಡು ದಾರಿ ಇಟ್ಟುಕೊಳ್ಳಿ ಅನ್ನುತ್ತೇನೆ. ಎಲ್ಲ ಸರಿಯಿದ್ದರೆ ಎಲ್ಲಿ, ಏನಾದರೂ ತೊಡಕು ಬಂದರೆ ಎಲ್ಲಿ. ಅವಳಿ, ಮೊದಲ ಮಗು ಸಿಸೇರಿಯನ್, ಬಿಪಿ ಜಾಸ್ತಿ, ಮಾಸು ಕೊನೆಯವರೆಗೂ ಕೆಳಗೇ ಇದೆ, ಇಂಥವರು ಹೆಚ್ಚು ಸೌಕರ್ಯ ಇರುವ ಕಡೆಗೆ ನೋವು ಶುರುವಾಗುವ ಮೊದಲೇ ಹೋಗಿರಬೇಕು. ಎಷ್ಟು ಮೊದಲು ಅಂತ ನಿಮ್ಮ ಡಾಕ್ಟರ್ ಹೇಳಲಿ. ನೋವು ಬಂದ ಮೇಲೆ ಮೂರು ಗಂಟೆ ಕಾರಿನಲ್ಲಿ ಕೂರುವುದನ್ನು ಪ್ಲ್ಯಾನ್ ಅಂತ ಕರೆಯಬೇಡಿ.

ನನ್ನ ಮಗಳ ಡೇಟ್ ಜನವರಿಯಲ್ಲಿತ್ತು. ಮೈಸೂರಿನಲ್ಲಿ ಚಿಕ್ಕಮ್ಮನ ಮನೆ ಇತ್ತು, ಡಿಸೆಂಬರ್‌ನಲ್ಲೇ ಹೋಗಿ ಕೂತೆ. ಚಿಕ್ಕಮ್ಮನ ಮನೆ ಇಲ್ಲದಿದ್ದರೆ ಆ ನಿರ್ಧಾರ ಬೇರೆಯೇ ಆಗುತ್ತಿತ್ತೇನೋ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈಸೂರಿಗೆ ಹೋಗುತ್ತೇನೆ ಅನ್ನುವುದು ಸುಲಭ, ಅಲ್ಲಿ ಆ ಮೂರು ನಾಲ್ಕು ವಾರ ಎಲ್ಲಿ ಇರುತ್ತೀರಿ, ಜೊತೆಗೆ ಯಾರು, ಕಾಫಿ ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಯಾರು ಬರುತ್ತಾರೆ? ಮಗನ ಡೇಟ್ ಮಳೆಗಾಲದಲ್ಲಿ ಬಂತು. ಎರಡನೆಯದು ಸಾಮಾನ್ಯವಾಗಿ ಬೇಗ ಆಗುತ್ತದೆ ಅಂತ ಡಾಕ್ಟರ್ ಎಚ್ಚರಿಸಿದ್ದರು, ಬೇರೆ ತೊಂದರೆ ಏನೂ ಇರಲಿಲ್ಲ. ಘಾಟಿ, ಕಾಡು ಯಾವುದೂ ಬೇಡ ಅಂತ ಇಲ್ಲೇ ಅಂತ ತೀರ್ಮಾನ ಮಾಡಿದೆವು. ತೋಟದ ಮನೆ ಬಿಟ್ಟು ಪೇಟೆಯಲ್ಲಿ ನೆಂಟರ ಮನೆಗೆ ಮುಂಚೆಯೇ ಹೋಗಿದ್ದೆ.

ಈಗ ಆಸ್ಪತ್ರೆಯಲ್ಲಿ ಏನು ಕೇಳಬೇಕು ಅನ್ನುವುದು. ಇದರಲ್ಲಿ ನಾಚಿಕೆ ಬೇಡ. ಮೊದಲನೆಯದು ರಾತ್ರಿಯ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ನೋವು ಅಂತ ಬಂದರೆ ಡಾಕ್ಟರ್ ಒಳಗೆ ಇರುತ್ತಾರಾ, ಮನೆಯಿಂದ ಬರುತ್ತಾರಾ? ಮನೆ ಎಷ್ಟು ದೂರ? ಅರಿವಳಿಕೆ ಕೊಡುವ ಡಾಕ್ಟರ್ ಯಾರು, ಅವರು ಎಲ್ಲಿಂದ ಬರಬೇಕು? ತುರ್ತು ಸಿಸೇರಿಯನ್ ನಿಂತಿರುವುದು ಅವರ ಮೇಲೆ, ಆದರೆ ಅವರ ಬಗ್ಗೆ ಕೇಳುವವರೇ ಇಲ್ಲ. ಎಪಿಡ್ಯೂರಲ್, ಅಂದರೆ ಬೆನ್ನಿಗೆ ಕೊಡುವ ನೋವಿನ ಇಂಜೆಕ್ಷನ್ ಬೇಕು ಅಂತಿದ್ದರೂ ಅವರೇ ಬೇಕು. ಹಾಗಾಗಿ ಎಲ್ಲ ಕಡೆ ಸಿಗುವುದಿಲ್ಲ, ಸಿಗುತ್ತದೆ ಅಂದರೂ ರಾತ್ರಿ ಸಿಗುತ್ತದಾ ಅಂತ ಬಿಡಿಸಿ ಕೇಳಿ. ರಕ್ತ ಆಸ್ಪತ್ರೆಯಲ್ಲೇ ಇಟ್ಟಿರುತ್ತಾರಾ, ಹೊರಗಿನಿಂದ ತರಿಸಬೇಕಾ? ಮಗು ತಿಂಗಳು ತುಂಬದೆ ಹುಟ್ಟಿದರೆ ಇಲ್ಲೇ ನೋಡಿಕೊಳ್ಳುತ್ತೀರಾ, ಎಲ್ಲಿಗೆ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ "ಅದೆಲ್ಲ ಈಗ ಯಾಕಮ್ಮಾ, ಒಳ್ಳೆಯದು ಯೋಚನೆ ಮಾಡಿ" ಅಂದರೆ ನನಗೆ ಸಿಟ್ಟು ಬರುತ್ತದೆ. ಒಂದು ಕಡೆ ಹಾಗೇ ಅಂದರು, ಎದ್ದು ಬಂದೆ. ಇನ್ನೊಂದು ಕಡೆ ಡಾಕ್ಟರ್, "34 ವಾರಕ್ಕಿಂತ ಮೊದಲು ಆದರೆ ನಮ್ಮಲ್ಲಿ ಆಗುವುದಿಲ್ಲ, ಇಂಥ ಕಡೆಗೆ ಕಳಿಸುತ್ತೇವೆ" ಅಂತ ನೇರವಾಗಿ ಹೇಳಿದರು. ಆಗುವುದಿಲ್ಲ ಅನ್ನುವುದನ್ನು ಆಗುವುದಿಲ್ಲ ಅಂತ ಹೇಳುವವರು ಸಿಕ್ಕರೆ ಬಿಡಬೇಡಿ.

ಆಮೇಲೆ ನೋವಿನ ಹೊತ್ತಿಗೆ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದು. ಓಡಾಡಲು ಬಿಡುತ್ತಾರಾ, ಮಲಗಿಯೇ ಇರಬೇಕಾ? ಮೊದಲ ಹೆರಿಗೆ ಅಂದ ಮೇಲೆ ಎಲ್ಲರಿಗೂ ಕೆಳಗೆ ಕತ್ತರಿಸಿ ಹೊಲಿಗೆ ಹಾಕುತ್ತಾರಾ, ಬೇಕಾದರೆ ಮಾತ್ರವಾ? ಎಲ್ಲರಿಗೂ ಅಭ್ಯಾಸದಂತೆ ಮಾಡುವುದು ಬೇಡ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಜೊತೆಗೆ ಒಬ್ಬರನ್ನು ಬಿಡುತ್ತಾರಾ? ಸರ್ಕಾರಿ ಆಸ್ಪತ್ರೆಯಲ್ಲೂ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಿಂದ ಹೇಳುತ್ತಾ ಬಂದಿದೆ. ವಾರ್ಡ್‌ನಲ್ಲಿ ಪರದೆ ಇಲ್ಲದಿದ್ದರೆ ಗಂಡನನ್ನು ಬಿಡುವುದು ಕಷ್ಟ, ಹಾಗಾಗಿ ಅಮ್ಮನೋ ಅಕ್ಕನೋ ಹೆರಿಗೆ ಕಂಡ ಹೆಂಗಸೊಬ್ಬರನ್ನು ಒಪ್ಪಿಸಿಟ್ಟುಕೊಳ್ಳಿ. ಸುಮ್ನೆ ಬೆನ್ನು ನೀವಿ, ನೀರು ಕುಡಿಸಿ, ಪಕ್ಕದಲ್ಲಿ ಕೂತಿದ್ದರೂ ಎಷ್ಟೋ ಧೈರ್ಯ.

ಸಿಸೇರಿಯನ್ ಬಗ್ಗೆ ಎಲ್ಲರಿಗೂ ಭಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ 47.4 ಶೇಕಡ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಅಂತರ ದೊಡ್ಡದೇ. ಆದರೆ ಈ ಅಂಕಿ ಹಿಡಿದು ಡಾಕ್ಟರನ್ನು ಕಳ್ಳರ ಹಾಗೆ ನೋಡಬೇಡಿ. "ನಿಮ್ಮಲ್ಲಿ ಎಷ್ಟು ಜನಕ್ಕೆ ಆಪರೇಷನ್ ಆಗುತ್ತದೆ, ಸಾಮಾನ್ಯವಾಗಿ ಯಾವ ಕಾರಣಕ್ಕೆ" ಅಂತ ಕೇಳಿ, ಅವರು ಹೇಳುವ ರೀತಿಯಲ್ಲೇ ಸಾಕಷ್ಟು ಗೊತ್ತಾಗುತ್ತದೆ. ಇನ್ನು ನಕ್ಷತ್ರ ನೋಡಿ ಮುಹೂರ್ತ ಇಡಿಸಿ ಆಪರೇಷನ್ ಮಾಡಿಸುವವರು ನಮ್ಮಲ್ಲೇ ಇದ್ದಾರೆ, ಅದಕ್ಕೆ ಡಾಕ್ಟರನ್ನು ಬೈದು ಪ್ರಯೋಜನ ಇಲ್ಲ. ಕಾರಣವಿಲ್ಲದೆ 39 ವಾರಕ್ಕಿಂತ ಮೊದಲು ಮಗುವನ್ನು ತೆಗೆಸಿದರೆ ಉಸಿರಾಟದ ತೊಂದರೆ ಆಗುವ ಸಂಭವ ಜಾಸ್ತಿ.

ಸರ್ಕಾರಿ ಆಸ್ಪತ್ರೆ ಅಂದ ತಕ್ಷಣ ಮೂಗು ಮುರಿಯುವವರಿಗೆ ಒಂದು ಮಾತು. ಮಡಿಕೇರಿಯ ಜಿಲ್ಲಾಸ್ಪತ್ರೆಗೆ 2016ರಿಂದ ಮೆಡಿಕಲ್ ಕಾಲೇಜು ಜೊತೆಯಾಗಿದೆ. ಒಮ್ಮೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ಬೇಡ ಅನ್ನಿ. ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್ ಎರಡೂ ಹೆರಿಗೆಗೇ ಅಂತ ಇರುವ ಹಳೆಯ ಸರ್ಕಾರಿ ಆಸ್ಪತ್ರೆಗಳು, ಕಷ್ಟದ ಕೇಸು ಹೋಗುವುದೇ ಅಲ್ಲಿಗೆ. ಜನ ತುಂಬಿರುತ್ತಾರೆ, ಹಾಸಿಗೆಗೆ ಪರದಾಟ ಆಗಬಹುದು, ಅದೂ ನಿಜ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್ ಆದರೂ ಸರಿ, ಔಷಧಿ, ಪರೀಕ್ಷೆ, ರಕ್ತ, ಊಟ, ವಾಹನ ಎಲ್ಲ ಉಚಿತ. ಖಾಸಗಿಗೆ ಹೋಗುವವರೂ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ರಸ್ತೆ ಕೈಕೊಟ್ಟು ಹತ್ತಿರದ ಯಾವುದೋ ಆಸ್ಪತ್ರೆಗೆ ನುಗ್ಗಬೇಕಾಗಿ ಬಂದರೆ, ನಿಮ್ಮನ್ನು ನೋಡಿಯೇ ಇರದ ಡಾಕ್ಟರ್‌ಗೆ ನಿಮ್ಮ ಒಂಬತ್ತು ತಿಂಗಳ ಕತೆ ಹೇಳುವುದು ಆ ಕಾರ್ಡು ಮತ್ತು ಸ್ಕ್ಯಾನ್ ರಿಪೋರ್ಟು ಮಾತ್ರ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಸ್ಪತ್ರೆ ನೋಡಿ ಬರಲು ಅದೂ ಒಳ್ಳೆಯ ದಿನ.

ಖಾಸಗಿಯಲ್ಲಿ ಬಿಲ್ ಬಗ್ಗೆ ಕೇಳುವಾಗ ಪ್ಯಾಕೇಜ್‌ನಲ್ಲಿ ಏನಿಲ್ಲ ಅಂತ ಕೇಳಿ. ಮಕ್ಕಳ ಡಾಕ್ಟರ್ ಫೀಸು, ಹುಟ್ಟಿದ ಮಗುವಿನ ತೀವ್ರ ನಿಗಾ ಘಟಕ ಅಂದರೆ ಎನ್‌ಐಸಿಯು ಎರಡೂ ಬೇರೆ ಇರಬಹುದು. ಇನ್ಶೂರೆನ್ಸ್ ಇದೆ ಅಂತ ನಿಶ್ಚಿಂತೆಯಾಗಿರಬೇಡಿ, ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಸಿಗಲು ವರ್ಷಗಟ್ಟಲೆ ಕಾಯಬೇಕು.

ಮನೆಯಲ್ಲೇ ಹೆರಬಹುದಾ ಅಂತ ಈಚೆಗೆ ಕೆಲವರು ಕೇಳುತ್ತಾರೆ. ನಮ್ಮ ಅಜ್ಜಿಯರೆಲ್ಲ ಹಾಗೇ ಹೆತ್ತವರು, ಕೊಡವರ ಮನೆಗಳಲ್ಲಿ ಗಂಡು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರಂತೆ. (ಹೆಣ್ಣು ಹುಟ್ಟಿದರೆ ಗುಂಡು ಉಳಿತಾಯ.) ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೂ ಕಣ್ಣು ತುಂಬಿತ್ತು. ಆದರೆ ಅಂಥ ಕೈ ಈಗ ನಮ್ಮ ಊರಿನಲ್ಲಿ ಎಲ್ಲಿದೆ? ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಕಾಯುವ ಸಮಯ ಇರುವುದಿಲ್ಲ, ಮತ್ತೆ ನಮ್ಮ ಮನೆಗಳು ಮುಖ್ಯ ರಸ್ತೆಯಿಂದಲೇ ಎಷ್ಟೋ ದೂರ. ನನ್ನ ಉತ್ತರ ಬೇಡ ಅಂತಲೇ.

108 ಉಚಿತ, ಅದನ್ನೇ ಮೊದಲು ಕರೆಯಿರಿ. ಆದರೆ ಗಾಳಿಮಳೆಗೆ ಕರೆಂಟು ಹೋಗಿ ಟವರ್ ಸತ್ತರೆ ಫೋನ್ ಎಲ್ಲಿ ಹೋಗುತ್ತದೆ? ತೋಟದ ಒಳಗಿನ ಕೆಸರು ದಾರಿಗೆ ಆಂಬುಲೆನ್ಸ್ ಹತ್ತುವುದೂ ಕಷ್ಟ. ರಸ್ತೆವರೆಗೆ ಕರೆದುಕೊಂಡು ಬರುವ ಜೀಪ್ ಯಾರದು ಅಂತ ಮೊದಲೇ ಮಾತಾಡಿಟ್ಟಿರಿ. ನೆಟ್‌ವರ್ಕ್ ಇಲ್ಲದಿದ್ದರೂ ನಡೆದು ಹೋಗಿ ಎಬ್ಬಿಸುವಷ್ಟು ಹತ್ತಿರ ಇರುವವರನ್ನು ನೋಡಿ. ತೋಟ ಇರುವವರು ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಗಳಲ್ಲಿ, ಬಸುರಿ ಹೆಂಗಸರಿದ್ದರೆ ಅವರ ಡೇಟನ್ನೂ ಬರೆದಿಟ್ಟುಕೊಳ್ಳಿ. ಅಸ್ಸಾಂನಿಂದ ಕೆಲಸಕ್ಕೆ ಬಂದವರಿಗೆ ಭಾಷೆಯೂ ಬರುವುದಿಲ್ಲ, ತಾಯಿ ಕಾರ್ಡ್ ಎಲ್ಲಿ ಮಾಡಿಸಬೇಕು ಅಂತಲೂ ಗೊತ್ತಿರುವುದಿಲ್ಲ, ಆಶಾ ಕಾರ್ಯಕರ್ತೆಗೆ ಒಂದು ಮಾತು ನೀವೇ ಹೇಳಬಹುದು ಅಲ್ವಾ.

ಕೊನೆಗೆ ಎಲ್ಲರೂ ಬಿಟ್ಟುಬಿಡುವ ವಿಷಯ, ಬಾಣಂತನ ಎಲ್ಲಿ ಅನ್ನುವುದು. ಮೈಸೂರಿನಲ್ಲಿ ಹೆತ್ತು ನಾಲ್ಕನೇ ದಿನ ಮಗುವನ್ನು ಎತ್ತಿಕೊಂಡು ಬೆಟ್ಟ ಹತ್ತಿ ತವರಿಗೆ ಬರುತ್ತಾರೆ. ಹುಟ್ಟಿದ ಮಕ್ಕಳಿಗೆ ಕಾಮಾಲೆ ಜಾಸ್ತಿಯಾಗುವುದು ಹೆಚ್ಚಾಗಿ ಮೂರರಿಂದ ಐದನೇ ದಿನದ ನಡುವೆಯೇ, ಹಾಲು ಕಟ್ಟಿ ತಾಯಿಗೆ ಜ್ವರ ಬರುವುದೂ ಮನೆಗೆ ಬಂದ ಮೇಲೆಯೇ. ತವರು ಎಲ್ಲಿದೆಯೋ ಅದರ ಹತ್ತಿರ ಮಗುವನ್ನು ನೋಡುವ ಡಾಕ್ಟರ್ ಯಾರು, ಭಾನುವಾರ ಸಿಗುತ್ತಾರಾ, ಕಾಮಾಲೆಗೆ ಲೈಟಿನಲ್ಲಿಡುವ ವ್ಯವಸ್ಥೆ ಎಲ್ಲಿದೆ, ಇದನ್ನು ಹೆರಿಗೆ ಆಸ್ಪತ್ರೆ ಆರಿಸುವಾಗಲೇ ಕೇಳಿಕೊಳ್ಳಿ. ಮೊನ್ನೆ ನಾಪೋಕ್ಲಿನ ಹುಡುಗಿಯೊಬ್ಬಳು ಇದನ್ನು ಕೇಳಿ, "ಅಕ್ಕಾ, ಹಾಗಾದರೆ ಮೊದಲು ಅಮ್ಮನಿಗೆ ವಿಷಯ ಹೇಳಬೇಕಲ್ಲಾ" ಅಂದಳು. ಹೇಳು ಮಾರಾಯ್ತಿ, ಡೇಟ್ ಆಗಸ್ಟ್‌ನಲ್ಲಿದೆ.