ಹೇರು ಇದ್ರನ ನಿಂದ್ರತೈತಿ

ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆ ಮಳೆಗೆ ಬಿದ್ದಿದೆ. ಚಿರೆಕಲ್ಲು ನೋಡಿ ಬರೋಣ ಎಂದು ಮೊನ್ನೆ ಗೌಂಡಿ ಕಾಕಾನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹೊರಟೆ. ಹುನಗುಂದ ಕಡೆಯವರು, ಗೋವಾಕ್ಕೆ ಬಂದು ಅರ್ಧ ಆಯುಷ್ಯವೇ ಆಯಿತು. ಪಣಜಿಯ ಪಾಟೊ ಹತ್ತಿರ ಬರುತ್ತಲೇ, "ಒಂದೀಟ ಗಾಡಿ ತರುಬ್ರಿ ಸರ್ರ" ಅಂದರು.

ಇಳಿದವರೇ ನೀರಿನ ಅಂಚಿಗೆ ಹೋಗಿ, ಬಗ್ಗಿ, ಅಲ್ಲಿನ ಹಳೆಯ ಕಲ್ಲುಸೇತುವೆಯ ಕಮಾನಿನ ಹೊಟ್ಟೆ ನೋಡತೊಡಗಿದರು. ಪೋರ್ಚುಗೀಸ್ ವೈಸರಾಯ್ ಕೌಂಟ್ ಆಫ್ ಲಿನ್ಯಾರೆಸ್ 1633-34ರಲ್ಲಿ ಕಟ್ಟಿಸಿದ ದಾರಿ ಇದು. ರಿಬಂದರ್‌ವರೆಗೆ ಸುಮಾರು 3 ಕಿಲೋಮೀಟರ್, ಜೌಗು ನೆಲದ ಮೇಲೆ. ಇವತ್ತಿಗೂ ಅದರ ಮೇಲೆ ವಾಹನಗಳು ಓಡುತ್ತವೆ.

"ಇಷ್ಟು ಹಳೇದು, ಈ ಭಾರ ಹೆಂಗೆ ತಡೀತದೆ ಕಾಕಾ?"

"ಹೇರು ಇದ್ರನ ಕಮಾನ ನಿಂದ್ರತೈತ್ರಿ. ಒಂದ್ ಕಲ್ಲು ಇನ್ನೊಂದನ್ನ ಒತ್ತಿ ಹಿಡೀತೈತಿ. ಒಳಗ ಕಬ್ಬಿಣ ಇಲ್ಲ, ತುಕ್ಕು ಹಿಡಿಯಾಕ."

ತುಕ್ಕು ಅಂದ ತಕ್ಷಣ ಪಕ್ಕದ ಮಾಂಡೋವಿ ಹೊಳೆ ನೆನಪಾಯಿತು. 1970ರಲ್ಲಿ ಅಲ್ಲಿ ಕಾಂಕ್ರೀಟ್ ಸೇತುವೆ ಕಟ್ಟಿದ್ದರು. 1986ರ ಜುಲೈನಲ್ಲಿ ಕುಸಿಯಿತು. ಆಳವಾದ ಹೊಳೆಗೂ ಈ ಜೌಗಿಗೂ ಹೋಲಿಕೆ ಸರಿಯಲ್ಲ, ಗೊತ್ತು. ಆದರೂ ಹದಿನಾರೇ ವರ್ಷ ಅಲ್ವಾ?

ಕಲ್ಲಿನ ಸೇತುವೆ ಬೀಳುವುದೇ ಇಲ್ಲ ಅಂತಲ್ಲ. ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಗಿದ್ದ ಬ್ರಿಟಿಷ್ ಕಾಲದ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಹೋಯಿತು, ಬಸ್ಸುಗಳ ಸಮೇತ. ಅದನ್ನು ಹೇಳಿದರೆ ಕಾಕಾ ಕೈ ಚಾಚಿ ಒಂದು ಸಂದು ತೋರಿಸಿದರು. ಬೆರಳುದ್ದದ ಅರಳಿ ಸಸಿ, ನಾಲ್ಕೇ ಎಲೆ. "ಲಾರಿಗಿಂತ ಇದಕ್ಕ ಅಂಜಬೇಕ್ರಿ. ಬುಡದಾಗಿನ ಮಣ್ಣು ಕೊಚ್ಚಿ ಹೋದ್ರೂ ಅಷ್ಟ. ಸುಣ್ಣದ ಸಂದಿಗೆ ಸಿಮೆಂಟ್ ಮೆತ್ತಿದ್ರ ನೀರು ಒಳಗ ಉಳೀತೈತಿ, ಕಲ್ಲು ಉದುರತೈತಿ."

ಸಂಜೆ ಸೊಸೈಟಿ ಮೀಟಿಂಗಿನಲ್ಲಿ ಇದನ್ನು ಹೇಳಿದೆ. ನಿವೃತ್ತ ಎಂಜಿನಿಯರ್ ಒಬ್ಬರು ನಕ್ಕು, "ಅವರಿಗೇನು ಗೊತ್ತು, ಘಾಟಿ ಜನ" ಅಂದರು. ಘಟ್ಟದಾಚೆಯಿಂದ ದುಡಿಯಲು ಬಂದವರನ್ನು ಇಲ್ಲಿ ಹಾಗೆ ಹೀಗಳೆಯುತ್ತಾರೆ. ಆ ಮಾತು ಇನ್ನೂ ಚುಚ್ಚುತ್ತಿದೆ. ಇವರ ಮನೆಯ ಗೋಡೆ ಎಬ್ಬಿಸಿದ್ದು ಯಾರಂತೆ? ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದ ಜನ ಇಲ್ಲಿ ಕಲ್ಲು ಹೊತ್ತು, ಕಟ್ಟಿ, ವಾಸ್ಕೋ ಊರಿನ ಬೈನಾದ ಗುಡಿಸಲುಗಳಲ್ಲಿ ಬದುಕಿದರು. ಆ ಗುಡಿಸಲನ್ನೂ ಒಡೆಸಿಕೊಂಡರು. ಕಮಾನು ಹೇಗೆ ನಿಲ್ಲುತ್ತದೆ ಎಂದು ಅವರನ್ನು ಕೇಳಿದವರು ಎಷ್ಟು ಜನ? ಕೇಳುವುದೆಲ್ಲ ದಿನಗೂಲಿ ಎಷ್ಟು ಅಂತಲೇ. ಅದರಲ್ಲೂ ನೂರು ರೂಪಾಯಿ ಇಳಿಸಲು ನಮ್ಮ ಸೊಸೈಟಿಯವರು ಇನ್ನೂ ಜಗ್ಗಾಡುತ್ತಿದ್ದಾರೆ.