ಅಕ್ಕಿಕಾಳು ಮತ್ತು ಕ್ಯಾಮೆರಾ

ನಿನ್ನೆ ದಾವಣಗೆರೆಯಲ್ಲಿ ಮದುವೆ ಶೂಟ್ ಮುಗಿಸಿ ಬಂದು ಕ್ಯಾಮೆರಾ ಒರೆಸುತ್ತಾ ಕೂತಿದ್ದೆ. ವ್ಯೂಫೈಂಡರಿನ ರಬ್ಬರ್ ಸಂದಿಯಲ್ಲಿ ಅರಿಶಿನ ಹತ್ತಿದ ಎರಡು ಅಕ್ಕಿಕಾಳು. ಜೊತೆಗಿದ್ದ ಹುಡುಗ ಕೇಳಿದ, 'ಅಣ್ಣ, ಇದನ್ನ ಮಾಡೋ ಕಂಪನಿಯವರು ಯಾವತ್ತಾದ್ರೂ ಶೂಟಿಂಗ್ ಮಾಡಿರ್ತಾರಾ?'

ಒಳ್ಳೆ ಪ್ರಶ್ನೆ ಅಲ್ವಾ? ಅವನಿಗೆ ಸಿನಿಮಾ ಕ್ಯಾಮೆರಾ ಮಾಡೋ ಜರ್ಮನಿಯ ಆರಿ ಕಂಪನಿಯ ಕಥೆ ಹೇಳಿದೆ. ಆಗಸ್ಟ್ ಆರ್ನಾಲ್ಡ್, ರಾಬರ್ಟ್ ರಿಕ್ಟರ್ ಅಂತ ಇಬ್ಬರು ಗೆಳೆಯರು. ತಾವೇ ಕ್ಯಾಮೆರಾ ಹಿಡಿದು ಕೆಲಸ ಮಾಡಿದವರು. 1917ರಲ್ಲಿ ಮ್ಯೂನಿಕ್‌ನಲ್ಲಿ, ಮೊದಲು ಶೂ ಹೊಲಿಯುವವರ ಅಂಗಡಿಯಾಗಿದ್ದ ಪುಟ್ಟ ಜಾಗದಲ್ಲಿ ಕಂಪನಿ ಶುರು ಮಾಡಿದರು. 1937ರಲ್ಲಿ ಅವರ ಆರಿಫ್ಲೆಕ್ಸ್ 35 ಅನ್ನೋ ಫಿಲ್ಮ್ ಕ್ಯಾಮೆರಾ ಬಂತು. ಅದರ ತಿರುಗುವ ಶಟರ್ ಮೇಲೇ ಕನ್ನಡಿ. ಒಂದು ಕ್ಷಣ ಬೆಳಕನ್ನು ಫಿಲ್ಮಿಗೆ ಬಿಡುತ್ತೆ, ಮರುಕ್ಷಣ ಅದೇ ಬೆಳಕನ್ನು ಕ್ಯಾಮೆರಾಮನ್ ಕಣ್ಣಿಗೆ ಕಳಿಸುತ್ತೆ. ಲೆನ್ಸ್ ಕಂಡಿದ್ದನ್ನೇ ಅವನೂ ಕಾಣುತ್ತಾನೆ. ಅಂದಾಜಿನ ಮೇಲೆ ಫೋಕಸ್ ಮಾಡಿ ಒದ್ದಾಡಿದವರಿಗೇ ಇದರ ಬೆಲೆ ಜಾಸ್ತಿ ಗೊತ್ತು. ಅದೇ ಕಂಪನಿ 2010ರಲ್ಲಿ ಅಲೆಕ್ಸಾ ಅನ್ನೋ ಡಿಜಿಟಲ್ ಕ್ಯಾಮೆರಾ ತಂತು.

ಕ್ಯಾಮೆರಾಮನ್ ಆಗಿದ್ದವರು ಕ್ಯಾಮೆರಾ ಮಾಡೋ ಕಂಪನಿಯ ಕುರ್ಚಿಗೆ ಹೋದರೆ 'ಕಸುಬು ಬಿಟ್ಟ' ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಅಕ್ಕಿಕಾಳು ಬೀಳೋ ಹೊತ್ತಲ್ಲಿ ಮಂಟಪದ ಲೈಟಿಗೆ ಮದುಮಗನ ಬಿಳಿ ಪಂಚೆ ವಿಡಿಯೋದಲ್ಲಿ ಬರ್ನ್ ಆಗಿ ಬರೀ ಬೆಳ್ಳಗೆ ಕಾಣಬಾರದು, ಮದುಮಗಳ ಸೀರೆ ಬಣ್ಣವೂ ಕೆಡಬಾರದು. ಆ ಕಷ್ಟ ಪಟ್ಟವರು ಒಬ್ಬರಾದರೂ ಕಂಪನಿಯವರ ಮೀಟಿಂಗ್‌ನಲ್ಲಿ ಇರಬೇಕು. ಯಾವ ಬಟನ್ ಎಲ್ಲಿರಬೇಕು ಅನ್ನೋದು ಬೆರಳಿಗೇ ಗೊತ್ತಿರುತ್ತೆ.

ಹುಡುಗ ಬ್ರಷ್‌ನಿಂದ ಅಕ್ಕಿಕಾಳು ತೆಗೆದ. ಕ್ಯಾಮೆರಾ ಹೆಗಲ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತ. 'ಅಣ್ಣ, ಈ ರೆಕಾರ್ಡ್ ಬಟನ್ ಒಂಚೂರು ಈ ಕಡೆ ಇರಬೇಕಿತ್ತು' ಅಂದ.